ಮನೆಯ ಪಿಸಿ ನಡುವೆಯೇ ಪಟ್ಟನೆ ಆಫ್ ಆಗುತ್ತಿದೆ: ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ

ಅಡಿಕೆಸಿಪ್ಪೆ ಬರೆದದ್ದು:

ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಪ್ಲಗ್ ಕಿತ್ತ ಹಾಗೆ ತಟಕ್ಕನೆ ಆಫ್ ಆಗುತ್ತಿದೆ. ಫ್ಯಾನು, ಲೈಟು, ಮಾನಿಟರ್ ಸಿಗ್ನಲ್ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಒಳಗಿರುವುದು: ಇಂಟೆಲ್ ಐ5-10400ಎಫ್ (ಬಾಕ್ಸಿನ ಜೊತೆ ಬಂದ ಕೂಲರ್), 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1660 ಸೂಪರ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ವಿದ್ಯುತ್ ಕೊಡುವ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವಾಟ್ ಎಂದಿದೆ. ಗ್ರಾಫಿಕ್ಸ್ ಕಾರ್ಡನ್ನು ಆಮೇಲೆ ಹಾಕಿಸಿದ್ದು.

ಆರುವುದು ಎರಡು ಸಂದರ್ಭದಲ್ಲಿ. ಒಂದು, ಗೇಮ್ ಆಡುವಾಗ ಅಥವಾ ವಿಡಿಯೊ ಎಕ್ಸ್‌ಪೋರ್ಟ್ ಕೊಟ್ಟ ಅರ್ಧ ನಿಮಿಷದೊಳಗೆ. ಆಗ ಪವರ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಗೋಡೆಯ ಸ್ವಿಚ್ ಆರಿಸಿ, ಸ್ವಲ್ಪ ಬಿಟ್ಟು ಹಾಕಿದರೆ ಮಾತ್ರ ಆನ್ ಆಗುತ್ತದೆ. ಇನ್ನೊಂದು, ಸುಮ್ಮನೆ ಬ್ರೌಸರ್ ತೆರೆದಿಟ್ಟಿದ್ದಾಗಲೂ ಕೆಲವೊಮ್ಮೆ, ಮುಖ್ಯವಾಗಿ ಸಂಜೆ ಹೊತ್ತು. ಆಗ ತಾನಾಗಿಯೇ ಮತ್ತೆ ಬೂಟ್ ಆಗುತ್ತದೆ.

ಅಂಗಡಿಯವರು ವಿಂಡೋಸ್ ಫಾರ್ಮ್ಯಾಟ್ ಮಾಡಿಕೊಟ್ಟರು. ಫರಕಾಗಲಿಲ್ಲ. ಈಗ ಮದರ್‌ಬೋರ್ಡ್ ಬದಲಿಸಬೇಕು ಅನ್ನುತ್ತಿದ್ದಾರೆ. ಮನೆ ತೀರ್ಥಹಳ್ಳಿ ಕಡೆ. ಪಿಸಿ 600 ವಿಎ ಯುಪಿಎಸ್ ಮೇಲಿದೆ, ಯುಪಿಎಸ್ ಮನೆಯ ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹೋಗಿದೆ. ಎಲ್ಲಿಂದ ಶುರು ಮಾಡಲಿ?

ಬೆಸುಗೆಕಡ್ಡಿ ಬರೆದದ್ದು:

ಮದರ್‌ಬೋರ್ಡಿಗೆ ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಪಿಸಿ ಆಫ್ ಆಗುವ ರೀತಿ ಒಂದೊಂದಕ್ಕೂ ಕಾರಣ ಬೇರೆ ಇರುತ್ತದೆ. ನಿಮ್ಮಲ್ಲಿ ಎರಡು ರೀತಿ ಕಾಣಿಸುತ್ತಿದೆ, ಹಾಗಾಗಿ ದೋಷವೂ ಎರಡಿರಬಹುದು ಎಂದೇ ಹಿಡಿದು ಹುಡುಕೋಣ.

ಮೊದಲನೆಯದು ಸ್ಪಷ್ಟವಾಗಿದೆ. ಭಾರ ಏರಿದಾಗ ಆರುತ್ತದೆ, ಬಟನ್ನಿಗೆ ಜಗ್ಗುವುದಿಲ್ಲ, ಗೋಡೆಯ ಸ್ವಿಚ್ ಆರಿಸಿ ಹಾಕಿದರೆ ಏಳುತ್ತದೆ. ಇದು ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ಲಕ್ಷಣ. ಒಳಗಿನ ರಕ್ಷಣಾ ಸರ್ಕ್ಯೂಟ್ ಮಿತಿ ಮೀರಿದ ಕರೆಂಟನ್ನೋ ಶಾರ್ಟನ್ನೋ ಕಂಡರೆ ಔಟ್‌ಪುಟ್ ಕಡಿದು ಹಾಗೇ ಬಿಗಿಹಿಡಿದು ಕೂರುತ್ತದೆ. ಒಳಬರುವ ವಿದ್ಯುತ್ ತಪ್ಪಿಸಿ, ಕೆಪ್ಯಾಸಿಟರ್ ಖಾಲಿಯಾದ ಮೇಲೇ ಆ ಹಿಡಿತ ಬಿಡುತ್ತದೆ. ಇದಕ್ಕೂ ವಿಂಡೋಸಿಗೂ ಯಾವ ಸಂಬಂಧವೂ ಇಲ್ಲ, ಆದ್ದರಿಂದಲೇ ಫಾರ್ಮ್ಯಾಟ್ ಮಾಡಿದರೂ ಬದಲಾಗಲಿಲ್ಲ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ ಹೇಳಿ. 450 ಅನ್ನುವ ದೊಡ್ಡ ಅಕ್ಷರ ಬೇಡ. +12ವಿ ಕೆಳಗೆ ಎಷ್ಟು ಆಂಪಿಯರ್ ಅಂತ ಇದೆ, +5ವಿ ಮತ್ತು +3.3ವಿ ಕೆಳಗೆ ಎಷ್ಟಿದೆ, ಅದು ಬೇಕು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕನೆಕ್ಟರ್ ನೇರವಾಗಿ ಎಸ್‌ಎಂಪಿಎಸ್ಸಿನಿಂದ ಬಂದಿದೆಯೋ ನಡುವೆ ಕನ್ವರ್ಟರ್ ಇದೆಯೋ, ಅದನ್ನೂ ನೋಡಿ.

ಲಾಗ್‌ಪುಸ್ತಕ ಬರೆದದ್ದು:

ಅದರ ಜೊತೆಗೆ ವಿಂಡೋಸ್ ಏನು ಬರೆದುಕೊಂಡಿದೆ ಅನ್ನುವುದನ್ನೂ ನೋಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಈವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಸಿಸ್ಟಮ್. ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ, ಈವೆಂಟ್ ಐಡಿ ಜಾಗದಲ್ಲಿ 41, 1074, 6008 ಎಂದು ಅಲ್ಪವಿರಾಮ ಕೊಟ್ಟು ಟೈಪ್ ಮಾಡಿ.

1074 ಬಂದಿದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ವಿಂಡೋಸ್ ಅಪ್‌ಡೇಟ್ ಕ್ರಮಬದ್ಧವಾಗಿ ಶಟ್ ಡೌನ್ ಮಾಡಿದೆ ಎಂದರ್ಥ. ಯಾವುದು ಮಾಡಿತು ಎನ್ನುವ ಹೆಸರೂ ಅಲ್ಲೇ ಇರುತ್ತದೆ. 41 ಕರ್ನಲ್ ಪವರ್ ಬಂದಿದ್ದರೆ ಸರಿಯಾಗಿ ಮುಚ್ಚದೆ ನಿಂತಿದೆ ಎಂದಷ್ಟೇ ಅರ್ಥ. ತುಂಬಾ ಜನ 41 ಎಂಬುದನ್ನೇ ರೋಗದ ಹೆಸರು ಅಂದುಕೊಂಡು ಅದಕ್ಕೆ ಔಷಧ ಹುಡುಕುತ್ತಾರೆ. ಅದು ಕಾರಣ ಹೇಳುವ ಸಂಖ್ಯೆಯಲ್ಲ. ಅದನ್ನು ತೆರೆದು ಡೀಟೇಲ್ಸ್ ಟ್ಯಾಬಿನಲ್ಲಿ ಬಗ್‌ಚೆಕ್ ಕೋಡ್ ನೋಡಿ. ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ ಬ್ಲೂ ಸ್ಕ್ರೀನ್ ಬಂದು ಹೋಗಿದೆ, ಆಗ ಡ್ರೈವರ್, ರ್‍ಯಾಮ್ ಕಡೆ ತಿರುಗಬೇಕು. ಸೊನ್ನೆ ಇದ್ದು, ಕೆಳಗಿನ ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಕೂಡ ಸೊನ್ನೆ ಇದ್ದರೆ ಹೆಚ್ಚಾಗಿ ವಿದ್ಯುತ್ತೇ ಕಡಿದುಹೋಗಿದೆ. ಟೈಮ್‌ಸ್ಟ್ಯಾಂಪಿನಲ್ಲಿ ಸಂಖ್ಯೆ ಇದ್ದರೆ ಕ್ಯಾಬಿನೆಟ್ ಮುಂಭಾಗದ ಪವರ್ ಬಟನ್ ಒತ್ತಿದ್ದು ದಾಖಲಾಗಿದೆ, ಸ್ವಿಚ್ ಸಿಕ್ಕಿಕೊಂಡಿರಬಹುದು.

ಇಲ್ಲೊಂದು ಸೂಕ್ಷ್ಮ ಇದೆ. 41ರ ಎದುರಿಗಿರುವ ಸಮಯ ಮತ್ತೆ ಬೂಟ್ ಆದ ಹೊತ್ತಿನದು. ಆರಿದ ಹೊತ್ತು ಬೇಕಾದರೆ 6008ರ ಒಳಗಿನ ವಾಕ್ಯ ಓದಿ. ಆ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮನೆಯಲ್ಲಿ ಕರೆಂಟು ಹೋದ ಹೊತ್ತಿನ ಜೊತೆ ತಾಳೆ ನೋಡಿ.

ಬ್ಲೂ ಸ್ಕ್ರೀನ್ ಕಣ್ಣಿಗೆ ಬೀಳದೆ ಹೋಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆಯಿರಿ.

ಗುಂಡುಪಿನ್ನು ಬರೆದದ್ದು:

ಬಿಸಿಯ ಸಾಧ್ಯತೆಯನ್ನೂ ದಾಟಿಯೇ ಹೋಗೋಣ, ಅದಕ್ಕೆ ಖರ್ಚೇನೂ ಇಲ್ಲ. ತಾಪ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಎಂಬ ಪ್ರೋಗ್ರಾಮ್ ಹಾಕಿಕೊಂಡು ಸೆನ್ಸರ್ಸ್ ಓನ್ಲಿ ಆರಿಸಿ, ಕೆಳಗಿನ ಲಾಗಿಂಗ್ ಬಟನ್ ಒತ್ತಿ ಫೈಲಿಗೆ ಹೆಸರು ಕೊಟ್ಟು ಗೇಮ್ ತೆರೆಯಿರಿ. ಆರಿದ ಮೇಲೆ ಆ ಫೈಲಿನ ಕೊನೆಯ ಸಾಲುಗಳನ್ನು ನೋಡಿದರೆ ಸಾಕು.

10400ಎಫ್‌ಗೆ ಗರಿಷ್ಠ ತಾಪ 100 ಡಿಗ್ರಿ. ಅಲ್ಲಿಗೆ ಮುಟ್ಟಿದಾಗ ಅದು ತಕ್ಷಣ ಸಾಯುವುದಿಲ್ಲ, ಮೊದಲು ವೇಗ ಇಳಿಸುತ್ತದೆ. ಗೇಮ್ ಜಗ್ಗಾಡುತ್ತದೆ, ಫ್ಯಾನ್ ಕೂಗುತ್ತದೆ. ಇಳಿಸಿದರೂ ತಾಪ ಏರುತ್ತಲೇ ಹೋದಾಗ ಮಾತ್ರ ಪ್ರೊಸೆಸರ್ ಸ್ವತಃ ಪವರ್ ಕಡಿಯಲು ಹೇಳುತ್ತದೆ. ನಿಧಾನವಾಗುವ ಯಾವ ಸೂಚನೆಯೂ ಇಲ್ಲದೆ ಪಟ್ಟನೆ ಆರಿದರೆ ಪ್ರೊಸೆಸರ್ ಬಿಸಿಯ ಮೇಲಿನ ಅನುಮಾನ ತಗ್ಗುತ್ತದೆ.

ಲಾಗಿನಲ್ಲಿ 95 ದಾಟಿದ್ದು ಕಂಡರೆ ಕೂಲರಿನ ನಾಲ್ಕು ಪುಶ್‌ಪಿನ್ ನೋಡಿ. ಈ ಕೂಲರಿನಲ್ಲಿ ಒಂದು ಪಿನ್ ಬೋರ್ಡಿನ ತೂತಿಗೆ ಪೂರ್ತಿ ಇಳಿಯದೆ ಮೇಲೆದ್ದಿರುವುದು ಬಹಳ ಸಾಮಾನ್ಯ. ತೆಗೆದು ಹಾಕುವಾಗ ಕರ್ಣದ ಎದುರು ಬದುರು ಎರಡನ್ನು ಮೊದಲು ಒತ್ತಿ, ಆಮೇಲೆ ಉಳಿದೆರಡು. ಹಳೆಯ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ನಡುವೆ ಇಡಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಬ್ಲೋವರ್ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಅಡಿಕೆಸಿಪ್ಪೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ನೋಡಿದೆ.

ಸ್ಟಿಕ್ಕರ್: +3.3ವಿ 24 ಆಂಪಿಯರ್, +5ವಿ 30 ಆಂಪಿಯರ್, +12ವಿ 16 ಆಂಪಿಯರ್. ಹಿಂದೆ 115/230 ಎಂಬ ಕೆಂಪು ಜಾರುಸ್ವಿಚ್ ಇದೆ, 230ರಲ್ಲೇ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಎರಡು ಮೋಲೆಕ್ಸ್‌ನಿಂದ (ನಾಲ್ಕು ಪಿನ್ನಿನ ಹಳೆಯ ಬಗೆಯ ಪವರ್ ಪ್ಲಗ್) 8 ಪಿನ್ ಮಾಡುವ ಕನ್ವರ್ಟರ್ ಹಾಕಿದ್ದಾರೆ. ಒಂದು ಮೋಲೆಕ್ಸಿನ ಬಿಳಿ ಪ್ಲಾಸ್ಟಿಕ್ ಹಳದಿ ವೈರಿನ ಹತ್ತಿರ ಸ್ವಲ್ಪ ಕಂದು ತಿರುಗಿದೆ.

ಈವೆಂಟ್ ವ್ಯೂವರ್: ಎಲ್ಲವೂ 41, ಬಗ್‌ಚೆಕ್ ಸೊನ್ನೆ, ಟೈಮ್‌ಸ್ಟ್ಯಾಂಪ್ ಸೊನ್ನೆ. 1074 ಇರುವುದು ನಾನೇ ಶಟ್ ಡೌನ್ ಕೊಟ್ಟವು ಮಾತ್ರ. ತಾಪ: ಆರುವ ಮುಂಚಿನ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 76, ಗ್ರಾಫಿಕ್ಸ್ 71.

ಬೆಸುಗೆಕಡ್ಡಿ ಬರೆದದ್ದು:

ಮೊದಲು ಕೆಲಸ ನಿಲ್ಲಿಸಿ, ಆ ಕಂದಾದ ಕನ್ವರ್ಟರ್ ಬಿಚ್ಚಿಡಿ. 10400ಎಫ್‌ನಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲವಾದ್ದರಿಂದ ಡಿಸ್‌ಪ್ಲೇ ಬರುವುದಿಲ್ಲ, ಗೊತ್ತು. ಆದರೂ ಆ ಸ್ಥಿತಿಯಲ್ಲಿ ಗೇಮ್ ಹಾಕಿ ಪರೀಕ್ಷೆ ಮುಂದುವರಿಸುವುದು ಬೇಡ. ಕಂದು ಬಣ್ಣ ಎಂದರೆ ಪಿನ್ ಮತ್ತು ಸಾಕೆಟ್ ನಡುವಿನ ಹಿಡಿತ ಸಡಿಲವಾಗಿ ಅಲ್ಲೇ ಬಿಸಿ ಹುಟ್ಟುತ್ತಿದೆ. ಮುಂದಿನ ಹಂತ ಕರಗುವುದು.

ಈಗ ಲೆಕ್ಕ. 12 ವೋಲ್ಟನ್ನು 16 ಆಂಪಿಯರ್‌ನಿಂದ ಗುಣಿಸಿದರೆ 192 ವಾಟ್. 5 ವೋಲ್ಟಿನಲ್ಲಿ 150, 3.3 ವೋಲ್ಟಿನಲ್ಲಿ 79. ಮೂರನ್ನೂ ಕೂಡಿಸಿ, ಚಿಲ್ಲರೆ ಸೇರಿಸಿ 450ರ ಹತ್ತಿರಕ್ಕೆ ತಂದಿದ್ದಾರೆ. ಇದು ಇಪ್ಪತ್ತು ವರ್ಷ ಹಿಂದಿನ ಪಿಸಿಗಳಿಗೆ ಹೊಂದುವ ಹಂಚಿಕೆ. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲ ಉಣ್ಣುವುದು 12 ವೋಲ್ಟನ್ನೇ. ಉಳಿದೆರಡು ಲೈನಿನಲ್ಲಿ ಎಷ್ಟಿದ್ದರೂ ಅವುಗಳ ಹೊಟ್ಟೆಗೆ ಬರುವುದಿಲ್ಲ. ಹಾಗಾಗಿ ನಿಮ್ಮದು ಲೆಕ್ಕಕ್ಕೆ 192 ವಾಟಿನ ಎಸ್‌ಎಂಪಿಎಸ್. ಅದೂ ಹೊಸದಿದ್ದಾಗಿನ ಮಾತು.

ಬೇಡಿಕೆ ನೋಡಿ. 1660 ಸೂಪರ್ 125 ವಾಟ್, ಅದೂ ಸರಾಸರಿ. ಮಿಲಿಸೆಕೆಂಡುಗಳ ಮಟ್ಟಿಗೆ ಅದಕ್ಕಿಂತ ಸಾಕಷ್ಟು ಮೇಲೆ ಜಿಗಿಯುತ್ತದೆ. ಗೇಮಿನಲ್ಲಿ ಪ್ರೊಸೆಸರ್ 65ರ ಸುತ್ತ. ಬೋರ್ಡು, ಫ್ಯಾನ್, ಹಾರ್ಡ್ ಡಿಸ್ಕಿಗೆ 20 ಎಂದುಕೊಳ್ಳಿ. 210 ಆಯಿತು. ವಿಡಿಯೊ ಎಕ್ಸ್‌ಪೋರ್ಟಿನಲ್ಲಿ ಮೊದಲ ಅರ್ಧ ನಿಮಿಷದಲ್ಲೇ ಆರುತ್ತದೆ ಅಂದಿರಲ್ಲ, ಅದಕ್ಕೂ ಕಾರಣ ಇಲ್ಲೇ ಇದೆ: ಇಂಟೆಲ್ ಈ ಪ್ರೊಸೆಸರಿಗೆ 28 ಸೆಕೆಂಡಿನ ಮಟ್ಟಿಗೆ 134 ವಾಟ್‌ವರೆಗೆ ಏರಲು ಬಿಟ್ಟಿದೆ, ಆಮೇಲೆ 65ಕ್ಕೆ ಇಳಿಸುತ್ತದೆ. ಆ 28 ಸೆಕೆಂಡಿನಲ್ಲಿ ಎಫೆಕ್ಟುಗಳಿಗಾಗಿ ಗ್ರಾಫಿಕ್ಸ್ ಕಾರ್ಡೂ ಕೆಲಸಕ್ಕಿಳಿದರೆ ಮಿತಿ ದಾಟುತ್ತದೆ.

ಬದಲಿಗೆ ತರಬೇಕಾದ್ದು: 550 ವಾಟ್, 80 ಪ್ಲಸ್ ಬ್ರಾಂಜ್, +12ವಿ ಒಂದೇ ಲೈನಿನಲ್ಲಿ ಕನಿಷ್ಠ 40 ಆಂಪಿಯರ್, ಗ್ರಾಫಿಕ್ಸ್ ಕಾರ್ಡಿಗೆ ಅದರದ್ದೇ 6+2 ಪಿನ್ ಕೇಬಲ್, 5 ವರ್ಷ ವಾರಂಟಿ. 80 ಪ್ಲಸ್ ಎಂಬುದು ಎಷ್ಟು ವಿದ್ಯುತ್ ಪೋಲಾಗದೆ ಉಳಿಯುತ್ತದೆ ಎಂಬುದರ ಗುರುತು ಮಾತ್ರ, ರಕ್ಷಣೆಯ ಗುರುತಲ್ಲ. ಆದ್ದರಿಂದ ಓವರ್ ಕರೆಂಟ್, ಓವರ್ ಪವರ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ ಎಂದು ಬಾಕ್ಸಿನ ಮೇಲೆ ಓದಿ ನೋಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುವುದಾದರೂ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ.

ಕನ್ವರ್ಟರ್ ಸುಡದೆ ಚೆನ್ನಾಗಿರುವ ಓದುಗರಿಗೆ ಕಾಸಿಲ್ಲದ ಒಂದು ಪರೀಕ್ಷೆ: ಎಂಎಸ್‌ಐ ಆಫ್ಟರ್‌ಬರ್ನರ್ ಪ್ರೋಗ್ರಾಮಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ, ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡಿ. 99 ಮಾಡಿದರೆ ಇಂಟೆಲ್ ಟರ್ಬೊ (ಭಾರ ಬಿದ್ದಾಗ ಪ್ರೊಸೆಸರ್ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ. ಅದೇ ಗೇಮ್ ಈಗ ಆರದೆ ಓಡಿದರೆ ಎಸ್‌ಎಂಪಿಎಸ್ ಸಾಲುತ್ತಿಲ್ಲ ಎಂದು ಬಹುಪಾಲು ಖಚಿತ.

ಮುಂಗಾರುಸಂಜೆ ಬರೆದದ್ದು:

ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ (ಗಡಿಯಾರ, ಸೆಟ್ಟಿಂಗ್ ಉಳಿಸುವ ಚಿಕ್ಕ ಬಿಲ್ಲೆ) ಹೋದರೂ ಹೀಗೆ ಆಫ್ ಆಗುತ್ತದೆ ಅಂತ ಕೇಳಿದ್ದೆ. ಅದನ್ನೂ ಬದಲಿಸಿ ನೋಡಬಹುದಲ್ಲವೇ?

ಲಾಗ್‌ಪುಸ್ತಕ ಬರೆದದ್ದು:

ಆ ಸಿಆರ್2032 ಬಿಲ್ಲೆ ಹೋದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ಬಯಾಸ್ (ವಿಂಡೋಸಿಗೂ ಮೊದಲು ಓಡುವ ಬೋರ್ಡಿನ ಪ್ರೋಗ್ರಾಮ್) ಸೆಟ್ಟಿಂಗ್ ಮರೆಯುತ್ತದೆ, ಕೆಲವು ಬೋರ್ಡು ಆನ್ ಆಗಲು ತಕರಾರು ಮಾಡುತ್ತವೆ. ಓಡುತ್ತಿರುವ ಪಿಸಿಯನ್ನು ಭಾರ ಏರಿದಾಗ ಅದು ಆರಿಸುವುದಿಲ್ಲ. ಇವರ ಲಾಗಿನಲ್ಲಿ ಸಮಯವೂ ಸರಿಯಾಗಿಯೇ ಇದೆ.

ಜ್ವಾಳದರೊಟ್ಟಿ ಬರೆದದ್ದು:

ಎರಡನೇ ತೊಂದ್ರಿ ಬಗ್ಗೆ ನಾ ಹೇಳ್ತೀನ್ರಿ. ಸಂಜಿ ಹೊತ್ತು, ಭಾರ ಇಲ್ಲದಾಗ ಆರಿ ತಾನ ಬೂಟ್ ಆಗತದ ಅಂದ್ರ ಎಸ್‌ಎಂಪಿಎಸ್ ಲಾಕ್ ಆಗಿಲ್ಲ. ಒಂದ್ ಗಳಿಗಿ ಒಳಗ ಬರೋ ವಿದ್ಯುತ್ತ ತಪ್ಪೇತಿ, ಮತ್ತ ಬಂದೇತಿ. ಇನ್ವರ್ಟರ್, ಯುಪಿಎಸ್ ಎರಡೂ ಇದ್ದೂ ಹೀಂಗ್ಯಾಕ ಅನ್ನೋದನ್ನ ಬಿಡಿಸಿ ನೋಡ್ರಿ.

ಕರೆಂಟ್ ಹ್ವಾದಾಗ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರ್‌ನ್ಯಾಗಿನ ಶಕ್ತಿ ಮ್ಯಾಲ ಪೂರ್ತಿ ಭಾರದಾಗ ಸುಮಾರು 16-17 ಮಿಲಿಸೆಕೆಂಡ್ ತಡಕೋಬೇಕು ಅಂತ ಎಟಿಎಕ್ಸ್ ನಿಯಮ ಐತಿ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದ್ ಸುತ್ತು 20 ಮಿಲಿಸೆಕೆಂಡ್. ಅಗ್ಗದ್ದು, ಹಳೇದು ಅಷ್ಟೂ ತಡಕೊಳ್ಳಂಗಿಲ್ಲ. ಮನಿ ಇನ್ವರ್ಟರಿಗೆ ಹಿಂದ ಒಂದ್ ಸ್ವಿಚ್ ಇರತದ: ಯುಪಿಎಸ್ ಮೋಡ್, ಇನ್ನೊಂದು ಇಕೋ ಇಲ್ಲಾ ನಾರ್ಮಲ್ ಮೋಡ್. ಯುಪಿಎಸ್ ಮೋಡಿನ್ಯಾಗ ವೋಲ್ಟೇಜ್ ಸುಮಾರು 180ರ ಕೆಳಗ ಇಳದ ಕೂಡಲೇ ಲಗೂನ ಬ್ಯಾಟರಿಗೆ ಹೊಳ್ಳತದ. ಇಕೋದಾಗ 100ರ ತನಕ ಹಂಗ ಬಿಡತದ, ಹೊಳ್ಳೂದೂ ತಡಾ. ಫ್ಯಾನು, ಲೈಟಿಗೆ ನಡೀತದ, ಕಂಪ್ಯೂಟರಿಗೆ ನಡ್ಯಂಗಿಲ್ಲ. ಸಂಜಿ ಹೊತ್ತು ಎಲ್ಲಾರ ಮನ್ಯಾಗೂ ಲೈಟು, ಗ್ರೈಂಡರು, ತ್ವಾಟದ ಪಂಪ್‌ಸೆಟ್ ಚಾಲೂ ಆದಾಗ ವೋಲ್ಟೇಜ್ ಕುಸೀತದ.

ಇನ್ನ ಇನ್ವರ್ಟರ್ ಹಿಂದ ಯುಪಿಎಸ್ ಹಾಕೂದು. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂಗ ನುಣುಪಾದ ಅಲಿ) ಅಲ್ಲದಿದ್ರ ಅದರ ಔಟ್‌ಪುಟ್ಟನ್ನ ಯುಪಿಎಸ್ ಸರಿಯಾದ ಕರೆಂಟ್ ಅಂತ ಒಪ್ಪಂಗಿಲ್ರಿ. ಟಕ್ ಟಕ್ ಅಂತ ರಿಲೇ ಬಡಕೊಂತ ತನ್ನ ಬ್ಯಾಟರಿ ಮ್ಯಾಲೆ ನಿಂದರತದ, ಖಾಲಿ ಆದ ಮ್ಯಾಲೆ ಪಿಸಿ ಜೋಡಿ ತಾನೂ ಮಕ್ಕೋತದ. ಎರಡನ್ನೂ ಸರಪಳಿ ಮಾಡಬ್ಯಾಡ್ರಿ. ಯುಪಿಎಸ್‌ನ ಇನ್ವರ್ಟರ್ ಇಲ್ಲದ ನೇರ ಲೈನಿನ ಸಾಕೆಟ್ಟಿಗೆ ಹಾಕ್ರಿ. ಇಲ್ಲಾ, ಇನ್ವರ್ಟರ್ ಸೈನ್ ವೇವ್ ಇದ್ದು ವಿಎ ಸಾಕಷ್ಟಿದ್ರ ಯುಪಿಎಸ್ ತಗದು, ಇನ್ವರ್ಟರ್ ಯುಪಿಎಸ್ ಮೋಡಿಗೆ ಹಾಕಿ ಪಿಸಿ ನೇರ ಕೊಡ್ರಿ.

ಯುಪಿಎಸ್ ಬ್ಯಾಟರಿ ಪರೀಕ್ಷಾ ಪಿಸಿ ಹಾಕಿ ಮಾಡಬ್ಯಾಡ್ರಿ. ಹಳೇ 100 ವಾಟಿನ ಬಲ್ಬ್ ಇದ್ರ ಯುಪಿಎಸ್ ಔಟ್‌ಪುಟ್ಟಿಗೆ ಹಚ್ಚಿ, ಗ್ವಾಡಿ ಪ್ಲಗ್ ಕಿತ್ತು ನೋಡ್ರಿ. ಬಲ್ಬ್ ಒಂದ್ ನಿಮಿಷದಾಗ ಆರಿದ್ರ ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಹೋಗೇತಿ. ಅದರ ಆಯುಷ್ಯನ ಎರಡ್ಮೂರು ವರ್ಷ. ಇನ್ನೊಂದ್ ಲೆಕ್ಕ: 600 ವಿಎ ಅಂದ್ರ ಸಾಮಾನ್ಯವಾಗಿ 360 ವಾಟ್. ಪಿಸಿ ಒಳಗ 210 ವಾಟ್ ಉಂಡ್ರ, ಎಸ್‌ಎಂಪಿಎಸ್ 70 ಪರ್ಸೆಂಟ್ ದಕ್ಷತಾ ಇದ್ರ ಗ್ವಾಡಿಯಿಂದ 300 ಎಳೀತದ, ಮ್ಯಾಲ ಮಾನಿಟರ್. ಅಂಚಿಗೇ ಬಂತ್ ನೋಡ್ರಿ. ಹೊಸಾ ಬ್ರಾಂಜ್ ಹಾಕಿದ್ರ ಅದ 210ಕ್ಕ 250ರ ಆಸುಪಾಸು ಎಳೀತದ.

ಕೆರೆದಂಡೆ ಬರೆದದ್ದು:

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನನ್ನದು ಉಲ್ಟಾ. ಎಎಂಡಿಯ ರೈಜನ್ 5 2600 ಪ್ರೊಸೆಸರ್, ಗೇಮ್ ಗಂಟೆಗಟ್ಟಲೆ ಓಡುತ್ತದೆ, ಸುಮ್ಮನೆ ಬಿಟ್ಟಾಗ ಮಾತ್ರ ಹ್ಯಾಂಗ್ ಆಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ.

ಬೆಸುಗೆಕಡ್ಡಿ ಬರೆದದ್ದು:

ರೈಜನ್ ಸುಮ್ಮನಿದ್ದಾಗ ಆಳವಾದ ನಿದ್ರೆಯ ಸ್ಥಿತಿಗೆ ಇಳಿದು 12 ವೋಲ್ಟಿನಲ್ಲಿ ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ. ಹಳೆಯ ವಿನ್ಯಾಸದ ಕೆಲವು ಎಸ್‌ಎಂಪಿಎಸ್‌ಗಳಿಗೆ ಅಷ್ಟು ಹಗುರ ಭಾರದಲ್ಲಿ ವೋಲ್ಟೇಜ್ ಹಿಡಿದಿಡಲು ಆಗುವುದಿಲ್ಲ. ಬಯಾಸ್‌ನ ಎಎಂಡಿ ಸಿಬಿಎಸ್ ಮೆನುವಿನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಹುಡುಕಿ, ಆಟೊ ಇರುವುದನ್ನು ಟಿಪಿಕಲ್ ಕರೆಂಟ್ ಐಡಲ್ ಮಾಡಿ. ನಿಲ್ಲದಿದ್ದರೆ ರ್‍ಯಾಮಿನ ಎಕ್ಸ್‌ಎಂಪಿ (ಹೆಚ್ಚಿನ ವೇಗದ ಸೆಟ್ಟಿಂಗ್) ಆಫ್ ಮಾಡಿ, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಮನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ಎರರ್ ಬಂದರೂ ರ್‍ಯಾಮನ್ನು ಅನುಮಾನಿಸಬೇಕು.

ಆನ್ ಮಾಡಿದ ನಾಲ್ಕೈದು ಸೆಕೆಂಡಿಗೆ ಆರುವವರಿಗೂ ಒಂದು ಮಾತು: ಪವರ್ ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಪಿಸಿ ಬಲವಂತವಾಗಿ ಆರುತ್ತದೆ. ಬಟನ್ ಒಳಗೆ ಸಿಕ್ಕಿಕೊಂಡಿದ್ದರೂ ಅದೇ ಆಗುತ್ತದೆ. ಬೋರ್ಡಿನ ಫ್ರಂಟ್ ಪ್ಯಾನಲ್ ಪಿನ್ನಿನಿಂದ ಪವರ್ ಸ್ವಿಚ್‌ನ ಎರಡು ವೈರಿನ ಕನೆಕ್ಟರ್ ಕಿತ್ತು, ಆ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿ. ಆರದೆ ಓಡಿದರೆ ಬದಲಿಸಬೇಕಾದ್ದು ಸ್ವಿಚ್ ಮಾತ್ರ.

ಅಡಿಕೆಸಿಪ್ಪೆ ಬರೆದದ್ದು:

550 ವಾಟಿನ ಬ್ರಾಂಜ್ ಎಸ್‌ಎಂಪಿಎಸ್ ಹಾಕಿದೆ, 12 ವೋಲ್ಟಿಗೆ 45 ಆಂಪಿಯರ್. ಕನ್ವರ್ಟರ್ ಇಲ್ಲದೆ ನೇರ ಕೇಬಲ್. ಗೇಮ್, ಎಕ್ಸ್‌ಪೋರ್ಟ್ ಎರಡೂ ಒಟ್ಟಿಗೆ ಹಾಕಿದರೂ ಆರುತ್ತಿಲ್ಲ. ಮೋಲೆಕ್ಸಿನಲ್ಲಿ ಮಲ್ಟಿಮೀಟರ್ ಇಟ್ಟಾಗ ಭಾರದಲ್ಲಿ 12.05, ಖಾಲಿ ಇದ್ದಾಗ 12.11.

ಇನ್ವರ್ಟರ್ ಇಕೋ ಮೋಡಿನಲ್ಲೇ ಇತ್ತು, ಸ್ಕ್ವೇರ್ ವೇವ್ ಕೂಡ. ಯುಪಿಎಸ್ಸನ್ನು ನೇರ ಲೈನಿಗೆ ಹಾಕಿದೆ. ಬಲ್ಬ್ ಪರೀಕ್ಷೆಯಲ್ಲಿ ಕೂಡಲೇ ಆರಿತು, ಬ್ಯಾಟರಿ ಬದಲಿಸಿದೆ. ಈಗ ಕರೆಂಟು ಹೋದರೂ ಪಿಸಿ ನಿಲ್ಲುತ್ತದೆ. ಹಳೆಯ ಎಸ್‌ಎಂಪಿಎಸ್ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇನ್ನೊಂದು ಪಿಸಿಗೆ ಆಗುತ್ತದೆಯೇ?

ಬೆಸುಗೆಕಡ್ಡಿ ಬರೆದದ್ದು:

12.05 ಚೆನ್ನಾಗಿದೆ, ನಿಯಮದಂತೆ 11.4ರಿಂದ 12.6ರವರೆಗೆ ಇರಬಹುದು. ಆದರೆ ಮಲ್ಟಿಮೀಟರ್ ನಿಧಾನ, ಕ್ಷಣಮಾತ್ರದ ಕುಸಿತ ಅದಕ್ಕೆ ಕಾಣುವುದಿಲ್ಲ. ಭಾರ ಹಾಕಿಯೂ ಆರದೆ ಓಡುತ್ತಿರುವುದೇ ಹೆಚ್ಚಿನ ಸಾಕ್ಷಿ.

ಹಳೆಯದನ್ನು ಬೇರೆ ಪಿಸಿಗೆ ಹಾಕಬೇಡಿ. ಪದೇ ಪದೇ ಮಿತಿ ಮೀರಿ ಬಿಸಿಯಾದ ಕೆಪ್ಯಾಸಿಟರ್‌ಗಳು ಅದರಲ್ಲಿವೆ. ಅದು ಕೆಟ್ಟರೆ ಬೋರ್ಡು, ಹಾರ್ಡ್ ಡಿಸ್ಕನ್ನೂ ಜೊತೆಗೆ ಒಯ್ಯಬಹುದು. ರಿಪೇರಿಗೆಂದು ಮನೆಯಲ್ಲಿ ಬಿಚ್ಚುವುದೂ ಬೇಡ: 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಒಟ್ಟು ಸುಮಾರು 325 ವೋಲ್ಟ್ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಆ ಕನ್ವರ್ಟರನ್ನೂ ಸೇರಿಸಿ.

ಹೊಸದು ಕೇಬಲ್ ಕಳಚುವ ಮಾಡ್ಯುಲರ್ ಬಗೆಯದಾಗಿದ್ದರೆ ಅದರ ಕೇಬಲ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ, ಮಾಡೆಲ್ ಹೆಸರು ಬರೆದಿಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬೇರೆ. ಕನೆಕ್ಟರ್ ಕೂತಿತು ಎಂದು ಬೇರೆಯದರ ಕೇಬಲ್ ಹಾಕಿದರೆ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಹೋಗಿ ಎಸ್‌ಎಸ್‌ಡಿ ಸುಡುತ್ತದೆ.